ನಿವೃತ್ತಿಯ ಹಣ, ಸೇವೆಯ ದಾಖಲೆ: ಯಾರಿಗೆ ಯಾವ ಕಚೇರಿ?

ಬೆಂಗಳೂರು: ರಾಜ್ಯ ಸರಕಾರಿ ನೌಕರನೊಬ್ಬ ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿಯೊಂದಿಗೆ ಮನೆಗೆ ಮರಳುತ್ತಾನೆ. ಮುಂದಿನ ತಿಂಗಳು ಆತನ ಖಾತೆಗೆ ಪಿಂಚಣಿ ಜಮೆಯಾಗುವುದೋ ಇಲ್ಲವೋ ಎಂಬುದು ಮಾತ್ರ ಅಂದು ನಿರ್ಧಾರವಾಗುವ ಸಂಗತಿಯಲ್ಲ. ಅದು ಬಹುಪಾಲು ಹತ್ತು, ಇಪ್ಪತ್ತು ವರ್ಷಗಳ ಹಿಂದೆ ಯಾವುದೋ ತಾಲೂಕು ಕಚೇರಿಯ ಗುಮಾಸ್ತರು ಸೇವಾ ವಹಿಯಲ್ಲಿ ಬರೆದ, ಅಥವಾ ಬರೆಯದೆ ಬಿಟ್ಟ, ಒಂದೆರಡು ಸಾಲುಗಳಲ್ಲಿ ಆಗಲೇ ನಿರ್ಧಾರವಾಗಿರುತ್ತದೆ. ಖಾಸಗಿ ಕಾರ್ಖಾನೆಯ ಕಾರ್ಮಿಕನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಆದರೆ ಆತ ತಟ್ಟಬೇಕಾದ ಬಾಗಿಲು ಬೇರೆ. ಯಾರಿಗೆ ಯಾವ ನಿಯಮ, ಯಾವ ಕಚೇರಿ ಎಂಬುದರ ವಿವರ ಇಲ್ಲಿದೆ.

ಒಂದು ದಿನಾಂಕ, ಎರಡು ವರ್ಗ

ರಾಜ್ಯ ಸರಕಾರಿ ನೌಕರರನ್ನು ಎರಡಾಗಿ ಒಡೆದಿರುವುದು 2006ರ ಏಪ್ರಿಲ್ 1ರ ದಿನಾಂಕ. ಅದಕ್ಕೆ ಮೊದಲು ಸೇವೆಗೆ ಸೇರಿದವರಿಗೆ ಕರ್ನಾಟಕ ನಾಗರಿಕ ಸೇವಾ ನಿಯಮಗಳ ಪ್ರಕಾರ ಹಳೆಯ ಪಿಂಚಣಿ. ಅಂದು ಅಥವಾ ಅನಂತರ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್. ಒಂದೇ ಕಚೇರಿ, ಅಕ್ಕಪಕ್ಕದ ಮೇಜು, ಒಂದೇ ಹುದ್ದೆಯಾದರೂ ನಿವೃತ್ತಿಯ ನಂತರದ ಬದುಕು ಬೇರೆ ಬೇರೆ.

ಈ ಗೆರೆಯ ಅಂಚಿನಲ್ಲಿ ಸಿಲುಕಿದವರ ಗೋಳು ದೀರ್ಘ ಕಾಲದ್ದು. 2006ಕ್ಕೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಟು, ಪ್ರಕ್ರಿಯೆ ತಡವಾದ ಕಾರಣಕ್ಕೆ ಆ ದಿನಾಂಕದ ನಂತರ ಆದೇಶ ಪಡೆದವರು ತಮ್ಮದಲ್ಲದ ವಿಳಂಬಕ್ಕೆ ತಾವು ದಂಡ ತೆರುತ್ತಿದ್ದೇವೆಂದು ವಾದಿಸುತ್ತ ಬಂದಿದ್ದರು. 2024ರ ಜನವರಿಯಲ್ಲಿ ರಾಜ್ಯ ಸರಕಾರ ಈ ವಾದವನ್ನು ಒಪ್ಪಿ, ಅಂತಹ ಸುಮಾರು 13 ಸಾವಿರ ನೌಕರರಿಗೆ ಹಳೆಯ ಪಿಂಚಣಿಯ ಅವಕಾಶ ನೀಡಿತು. ಉಳಿದವರ ಬೇಡಿಕೆ ಹಾಗೆಯೇ ಉಳಿಯಿತು. 2023ರ ಮಾರ್ಚ್ 1ರಂದು ನೌಕರರು ಕೆಲಸ ಸ್ಥಗಿತಗೊಳಿಸಿದಾಗ ಸರಕಾರ ಶೇ.17ರ ಮಧ್ಯಂತರ ಪರಿಹಾರ ಘೋಷಿಸಿ, ಪಿಂಚಣಿ ವಿಷಯದ ಅಧ್ಯಯನಕ್ಕೆ ಸಮಿತಿ ರಚಿಸಿದ್ದನ್ನು ಓದುಗರು ಮರೆತಿರಲಾರರು.

ಹಳೆಯ ಪಿಂಚಣಿಯ ಲೆಕ್ಕ

ರಾಜ್ಯದಲ್ಲಿ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದ್ದು 2008ರಲ್ಲಿ. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ತಿಂಗಳ 1ನೇ ತಾರೀಖಿನಂದು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಹೊರಡಬೇಕು.

ಪಿಂಚಣಿ ಪಡೆಯಲು ಕನಿಷ್ಠ 10 ವರ್ಷಗಳ ಅರ್ಹತಾ ಸೇವೆ ಇರಬೇಕು. ಪೂರ್ಣ ಅವಧಿ ಮುಗಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸುಗಳು 2024ರ ಆಗಸ್ಟ್ 1ರಿಂದ ಜಾರಿಯಾದಾಗ ಕನಿಷ್ಠ ಪಿಂಚಣಿ ತಿಂಗಳಿಗೆ 8,500 ರೂ.ನಿಂದ 13,500 ರೂ.ಗೂ, ಗರಿಷ್ಠ ಪಿಂಚಣಿ 75,300 ರೂ.ನಿಂದ 1,20,600 ರೂ.ಗೂ ಏರಿತು.

ಮೂಲ ವೇತನ 80,000 ರೂ. ಇದ್ದವರಿಗೆ ಪಿಂಚಣಿ 40,000 ರೂ. ಎಂದಿಟ್ಟುಕೊಳ್ಳೋಣ. ಇದರಲ್ಲಿ ಮೂರನೇ ಒಂದು ಭಾಗವನ್ನು ನೌಕರ ಒಟ್ಟಿಗೇ ಇಡಿಗಂಟಾಗಿ ಪಡೆಯಬಹುದು. ಇದಕ್ಕೆ ಪಿಂಚಣಿ ಪರಿವರ್ತನೆ ಎಂದು ಹೆಸರು. ಹಾಗೆ ಮಾಡಿದರೆ ತಿಂಗಳ ಮೊತ್ತದಲ್ಲಿ ಸುಮಾರು 13,333 ರೂ. ಕಡಿತವಾಗಿ 26,667 ರೂ. ಉಳಿಯುತ್ತದೆ. ಹದಿನೈದು ವರ್ಷಗಳ ನಂತರ ಕಡಿತವಾದ ಭಾಗ ಮತ್ತೆ ಸೇರುತ್ತದೆ. ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ ಎಂದರೆ, ತುಟ್ಟಿಭತ್ಯೆಯನ್ನು ಲೆಕ್ಕ ಹಾಕುವುದು ಕಡಿತಕ್ಕೆ ಮೊದಲಿನ ಪೂರ್ತಿ 40,000 ರೂ. ಮೇಲೆ. ಮಗಳ ಮದುವೆ, ಮನೆಯ ಸಾಲ ಎಂದು ಪರಿವರ್ತನೆಗೆ ಮುಂದಾಗುವವರು ಈ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಹಾಕಿ ನೋಡುವುದೊಳಿತು.

ಇದರ ಜೊತೆಗೆ ನಿವೃತ್ತಿ ಉಪದಾನವಿದೆ. ಪೂರ್ಣಗೊಂಡ ಪ್ರತಿ ಆರು ತಿಂಗಳ ಸೇವೆಗೆ ಉಪಲಬ್ಧಿಯ ನಾಲ್ಕನೇ ಒಂದು ಭಾಗದಂತೆ ಇದರ ಲೆಕ್ಕ. ಬಳಸದೆ ಉಳಿದ ಗಳಿಕೆ ರಜೆಯನ್ನು 300 ದಿನಗಳವರೆಗೆ ನಗದೀಕರಿಸಿಕೊಳ್ಳಬಹುದು. ಸಾಮಾನ್ಯ ಭವಿಷ್ಯ ನಿಧಿಯ ಬಾಕಿಯೂ ಬರುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1891ರಷ್ಟು ಹಿಂದೆ, ಆರಂಭವಾದ ಸರಕಾರಿ ವಿಮಾ ಇಲಾಖೆಯ ಕಡ್ಡಾಯ ಜೀವ ವಿಮೆಯ ಹಣ ಬೇರೆ.

ವೇತನ ಆಯೋಗದ ಜಾರಿಯಲ್ಲಿ ಒಂದು ಬಿರುಕು ಉಳಿದುಕೊಂಡಿತು. ಪರಿಷ್ಕೃತ ವೇತನವನ್ನು 2022ರ ಜುಲೈ 1ರಿಂದ ಕಾಲ್ಪನಿಕವಾಗಿ ನಿಗದಿಪಡಿಸಿ, ಆರ್ಥಿಕ ಲಾಭವನ್ನು 2024ರ ಆಗಸ್ಟ್ 1ರಿಂದ ನೀಡಲಾಯಿತು. ಈ ನಡುವಿನ ಎರಡು ವರ್ಷಗಳಲ್ಲಿ ನಿವೃತ್ತರಾದವರ ಮಾಸಿಕ ಪಿಂಚಣಿ ಪರಿಷ್ಕೃತವಾಯಿತಾದರೂ ಉಪದಾನ, ಪರಿವರ್ತನೆ, ರಜೆ ನಗದೀಕರಣದ ಮೊತ್ತಗಳು ಹಳೆಯ ವೇತನದ ಲೆಕ್ಕದಲ್ಲೇ ನಿಂತವು. ಇದರ ವಿರುದ್ಧ ನಿವೃತ್ತರು ಬೀದಿಗಿಳಿದು ಧರಣಿ ನಡೆಸಿದರು. ಕೆಲವೇ ತಿಂಗಳು ತಡವಾಗಿ ನಿವೃತ್ತನಾದ ಸಹೋದ್ಯೋಗಿಗಿಂತ ತಮಗೆ ಲಕ್ಷಾಂತರ ರೂಪಾಯಿ ಕಡಿಮೆ ಬಂದಿದೆ ಎಂಬ ಅವರ ಅಳಲನ್ನು ಅಲ್ಲಗಳೆಯುವುದು ಕಷ್ಟ.

ಇನ್ನೊಂದು ತೀರ್ಪನ್ನು ಇಲ್ಲಿ ಸ್ಮರಿಸಬೇಕು. ವರ್ಷಪೂರ್ತಿ ದುಡಿದು, ವಾರ್ಷಿಕ ಬಡ್ತಿ ಜಮೆಯಾಗುವ ಹಿಂದಿನ ದಿನ ನಿವೃತ್ತರಾದವರಿಗೆ ಆ ಬಡ್ತಿ ಸಲ್ಲಬೇಕೇ ಎಂಬ ಪ್ರಶ್ನೆ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಲುಪಿತ್ತು. 2023ರ ಏಪ್ರಿಲ್ 11ರಂದು ನ್ಯಾಯಾಲಯ ನೌಕರರ ಪರವಾಗಿ ತೀರ್ಪಿತ್ತಿತು. ಮೊತ್ತ ಚಿಕ್ಕದೆನಿಸಿದರೂ ಅದು ಪಿಂಚಣಿಯ ಮೂಲಕ್ಕೆ ಸೇರುವುದರಿಂದ ಜೀವಮಾನವಿಡೀ ಪರಿಣಾಮ ಬೀರುತ್ತದೆ.

ಸೇವಾ ವಹಿ ಎಂಬ ಜಾತಕ

ಪಿಂಚಣಿ ಕಡತ ಸಾಗುವ ದಾರಿ ಹೀಗಿದೆ: ನೌಕರ ಅರ್ಜಿ ಕೊಡುವುದು ತನ್ನ ಕಚೇರಿ ಮುಖ್ಯಸ್ಥರಿಗೆ. ಅಲ್ಲಿಂದ ಸೇವಾ ವಹಿ ಸಹಿತ ಕಡತ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಗುತ್ತದೆ. ಅವರು ಪರಿಶೀಲಿಸಿ ಪಿಂಚಣಿ, ಉಪದಾನ ಹಾಗೂ ಪರಿವರ್ತನೆಯ ಪಾವತಿ ಆದೇಶಗಳನ್ನು ಹೊರಡಿಸುತ್ತಾರೆ. ಆ ಆದೇಶ ಖಜಾನೆ ತಲುಪಿ, ಅಲ್ಲಿಂದ ಬ್ಯಾಂಕ್ ಖಾತೆಗೆ ಹಣ. ಮಹಾಲೇಖಪಾಲರ ಕಚೇರಿ ಕೇಂದ್ರದ ಲೆಕ್ಕಪರಿಶೋಧನಾ ವ್ಯವಸ್ಥೆಗೆ ಸೇರಿದ್ದು, ರಾಜ್ಯ ಸರಕಾರದ ಇಲಾಖೆಯಲ್ಲ. ಹೀಗಾಗಿ ತಡವಾದಾಗ ಇಲಾಖೆಯವರು ಅತ್ತ ಬೆರಳು ತೋರುವುದು, ಅತ್ತಲಿನವರು ಆಕ್ಷೇಪಣೆ ಹಾಕಿ ಕಡತ ಹಿಂದಿರುಗಿಸುವುದು ನಡೆದೇ ಇದೆ.

ಆಕ್ಷೇಪಣೆಗಳು ಎಂತಹವು? ಅಮಾನತಿನ ಅವಧಿಯನ್ನು ಹೇಗೆ ಪರಿಗಣಿಸಬೇಕೆಂದು ಆದೇಶವೇ ಆಗಿಲ್ಲ. ಅನಧಿಕೃತ ಗೈರುಹಾಜರಿ ಇತ್ಯರ್ಥವಾಗಿಲ್ಲ. ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ವರ್ಗವಾದಾಗ ನಡುವಿನ ಹದಿನೈದು ದಿನಗಳ ಲೆಕ್ಕವಿಲ್ಲ. ವಾರ್ಷಿಕ ಸೇವಾ ಪರಿಶೀಲನೆಯ ಸಹಿ ಇಲ್ಲ. ಕಾಲಬದ್ಧ ಬಡ್ತಿಯಲ್ಲಿ ವೇತನ ತಪ್ಪಾಗಿ ನಿಗದಿಯಾಗಿದೆ. ಪ್ರತಿಯೊಂದೂ ಆಯಾ ವರ್ಷವೇ ಹತ್ತು ನಿಮಿಷದಲ್ಲಿ ಸರಿಪಡಿಸಬಹುದಾಗಿದ್ದ ದೋಷ. ಮೂವತ್ತು ವರ್ಷಗಳ ನಂತರ ಸಹಿ ಹಾಕಬೇಕಾದ ಅಧಿಕಾರಿ ಎಲ್ಲಿರುವರೆಂದು ಹುಡುಕುವ ಪಾಡು ನಿವೃತ್ತನದು.

ಎಚ್‌ಆರ್‌ಎಂಎಸ್ ತಂತ್ರಾಂಶ ಬಂದ ಮೇಲೆ ಸಂಬಳದ ವಿವರಗಳು ಕಂಪ್ಯೂಟರ್‌ನಲ್ಲಿ ಲಭ್ಯವಿವೆ ಎಂಬುದು ನಿಜ. ಆದರೆ ಅದಕ್ಕಿಂತ ಹಿಂದಿನ ವರ್ಷಗಳ ಇತಿಹಾಸ ಇರುವುದು ಕಾಗದದ ವಹಿಯಲ್ಲಿ. ಆದ್ದರಿಂದ ನೌಕರರು ವರ್ಷಕ್ಕೊಮ್ಮೆಯಾದರೂ ತಮ್ಮ ವಹಿಯನ್ನು ಕೇಳಿ ನೋಡಿ, ಪ್ರತಿ ಇಟ್ಟುಕೊಳ್ಳುವುದು ಲೇಸು. ಭವಿಷ್ಯ ನಿಧಿಯ ವಾರ್ಷಿಕ ಲೆಕ್ಕಪಟ್ಟಿಯಲ್ಲಿ ಯಾವುದಾದರೂ ತಿಂಗಳ ವಂತಿಗೆ ಬಿಟ್ಟುಹೋಗಿದ್ದರೆ ಆಗಲೇ ಬರೆಯಬೇಕು. ನಿವೃತ್ತಿಗೆ ಎರಡು ವರ್ಷ ಇರುವಾಗ ಈ ಕೆಲಸ ಆರಂಭಿಸಿದವರು ಸಾಮಾನ್ಯವಾಗಿ ಪಾರಾಗುತ್ತಾರೆ. ಎರಡು ತಿಂಗಳು ಇರುವಾಗ ಆರಂಭಿಸಿದವರ ಕತೆ ಬೇರೆ.

ಜನ್ಮ ದಿನಾಂಕದ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. 1974ರ ಕರ್ನಾಟಕ ರಾಜ್ಯ ನೌಕರರ ವಯೋನಿರ್ಧಾರ ಅಧಿನಿಯಮದ ಪ್ರಕಾರ, ದಾಖಲಾದ ದಿನಾಂಕದಲ್ಲಿ ತಪ್ಪಿದ್ದರೆ ಸೇವೆಗೆ ಸೇರಿದ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು. ನಿವೃತ್ತಿ ಹತ್ತಿರವಾದಾಗ ಶಾಲೆಯ ಹಳೆಯ ದಾಖಲೆ ಹಿಡಿದು ಬರುವವರಿಗೆ ಪರಿಹಾರ ದೊರೆಯುವುದಿಲ್ಲ.

ಇಲಾಖಾ ವಿಚಾರಣೆ ಅಥವಾ ನ್ಯಾಯಾಲಯದ ಪ್ರಕರಣ ಬಾಕಿಯಿದ್ದರೆ ತಾತ್ಕಾಲಿಕ ಪಿಂಚಣಿ ಸಿಗುತ್ತದೆ, ಉಪದಾನ ತಡೆಹಿಡಿಯಲ್ಪಡುತ್ತದೆ. ಆದರೆ ನಿವೃತ್ತಿಯ ನಂತರ ಹೊಸದಾಗಿ ಇಲಾಖಾ ವಿಚಾರಣೆ ಆರಂಭಿಸುವುದಾದರೆ ಸೇವಾ ನಿಯಮ 214ರಂತೆ ನಾಲ್ಕು ವರ್ಷಕ್ಕಿಂತ ಹಳೆಯ ಘಟನೆಗಳನ್ನು ಕೆದಕುವಂತಿಲ್ಲ. ಪಿಂಚಣಿ ದಯೆಯಿಂದ ಕೊಡುವ ಇನಾಮಲ್ಲ, ನೌಕರನ ಹಕ್ಕು ಎಂದು ಸುಪ್ರೀಂ ಕೋರ್ಟ್ 1971ರಲ್ಲೂ, ಮತ್ತೆ ನಕಾರಾ ಪ್ರಕರಣದಲ್ಲಿ 1982ರ ಡಿಸೆಂಬರ್ 17ರಂದೂ ಸಾರಿದೆ. ಪಿಂಚಣಿದಾರರ ದಿನ ಆಚರಿಸುವುದು ಆ ತೀರ್ಪಿನ ದಿನದಂದೇ. ಕುಂದುಕೊರತೆಗೆ ಮೊದಲು ಇಲಾಖೆಯ ಮೇಲಧಿಕಾರಿಗಳು, ನಂತರ ಪಿಂಚಣಿ ಅದಾಲತ್. ಅಲ್ಲೂ ಬಗೆಹರಿಯದಿದ್ದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿ. ಬೆಂಗಳೂರಲ್ಲದೆ ಬೆಳಗಾವಿ ಮತ್ತು ಕಲಬುರಗಿಯಲ್ಲೂ ಇದರ ಪೀಠಗಳಿವೆ.

ಎನ್‌ಪಿಎಸ್: ಗಂಟು ಎಷ್ಟು, ತಿಂಗಳಿಗೆಷ್ಟು?

ಎನ್‌ಪಿಎಸ್ ನೌಕರನ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ.10ರಷ್ಟು ಪ್ರತಿ ತಿಂಗಳು ಕಡಿತವಾಗುತ್ತದೆ. ಸರಕಾರದ ಪಾಲು ಮೊದಲು ಅಷ್ಟೇ ಇದ್ದು, 2019ರ ಏಪ್ರಿಲ್‌ನಿಂದ ಶೇ.14ಕ್ಕೆ ಏರಿತು. ಇವೆರಡೂ ಸೇರಿ 60,000 ರೂ. ಪಡೆಯುವ ನೌಕರನ ಖಾತೆಗೆ ತನ್ನ 6,000 ಹಾಗೂ ಸರಕಾರದ 8,400, ಒಟ್ಟು 14,400 ರೂ. ಸೇರುತ್ತದೆ. ಈ ಹಣ ಮಾರುಕಟ್ಟೆಯಲ್ಲಿ ಹೂಡಿಕೆಯಾಗುತ್ತದೆ. ನಿವೃತ್ತಿಯ ವೇಳೆ ಗರಿಷ್ಠ ಶೇ.60ರಷ್ಟನ್ನು ಒಟ್ಟಿಗೆ ಪಡೆದು, ಕನಿಷ್ಠ ಶೇ.40ರಷ್ಟನ್ನು ವಿಮಾ ಕಂಪನಿಯ ವರ್ಷಾಶನ ಯೋಜನೆಯಲ್ಲಿ ತೊಡಗಿಸಬೇಕು.

60 ಲಕ್ಷ ರೂ. ಜಮೆಯಾಗಿದೆ ಎಂದುಕೊಂಡರೆ 36 ಲಕ್ಷ ಕೈಗೆ ಬರುತ್ತದೆ. ಉಳಿದ 24 ಲಕ್ಷಕ್ಕೆ ವರ್ಷಾಶನದ ದರ ಶೇ.6 ಎಂದಿಟ್ಟುಕೊಂಡರೂ ತಿಂಗಳಿಗೆ 12,000 ರೂ. ಮಾತ್ರ. ಅದಕ್ಕೆ ತುಟ್ಟಿಭತ್ಯೆ ಸೇರುವುದಿಲ್ಲ; ಬೇಳೆ, ಔಷಧಿಗಳ ಬೆಲೆ ಏರಿದರೂ ಆ ಮೊತ್ತ ಏರದು. ನೌಕರರ ಭಯದ ಮೂಲ ಇಲ್ಲಿದೆ. ಸರಕಾರದ ಕಡೆಯ ವಾದವೂ ಪೊಳ್ಳಲ್ಲ: ಪಿಂಚಣಿಯ ಹೊರೆ ವರ್ಷದಿಂದ ವರ್ಷಕ್ಕೆ ಬೆಳೆದು, ಶಾಲೆ, ರಸ್ತೆಗಳಿಗೆ ಉಳಿಯುವ ಹಣ ಕುಗ್ಗುತ್ತದೆ ಎಂಬುದು ಅದರ ಸಾರ. ಕೇಂದ್ರ ಸರಕಾರ ತನ್ನ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿಯ ಆಯ್ಕೆ ನೀಡಿ ನಡುದಾರಿ ಹಿಡಿಯಿತು.

ಸೇವೆಯಲ್ಲಿದ್ದಾಗಲೇ ಮರಣ

ನೌಕರ ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಮನೆಯವರಿಗೆ ಮೊದಲು ಎದುರಾಗುವುದು ನಾಮನಿರ್ದೇಶನದ ಪ್ರಶ್ನೆ. ಮದುವೆಗೆ ಮುಂಚೆ ತಂದೆಯ ಹೆಸರು ಬರೆಸಿ, ಆಮೇಲೆ ಬದಲಿಸದೆ ಬಿಟ್ಟ ಉದಾಹರಣೆಗಳು ಎಲ್ಲ ಕಚೇರಿಗಳಲ್ಲೂ ಸಿಗುತ್ತವೆ. ಹಳೆಯ ಪಿಂಚಣಿಯವರ ಕುಟುಂಬಕ್ಕೆ 2002ರ ಕುಟುಂಬ ಪಿಂಚಣಿ ನಿಯಮಗಳು ಅನ್ವಯಿಸುತ್ತವೆ. ಸಾಮಾನ್ಯ ದರ ಕೊನೆಯ ವೇತನದ ಶೇ.30.

ಅನುಕಂಪದ ಆಧಾರದ ನೇಮಕಾತಿಗೆ 1996ರ ನಿಯಮಗಳಿವೆ. ಅರ್ಜಿಯನ್ನು ಮರಣದ ದಿನದಿಂದ ಒಂದು ವರ್ಷದೊಳಗೆ ಸಲ್ಲಿಸಬೇಕು. ದುಃಖದಲ್ಲಿರುವ ಮನೆಗೆ ವರ್ಷ ಬೇಗ ಉರುಳುತ್ತದೆ. ಅವಧಿ ಮೀರಿದೆ ಎಂಬ ಒಂದೇ ಕಾರಣಕ್ಕೆ ತಿರಸ್ಕೃತವಾದ ಅರ್ಜಿಗಳ ಬಗ್ಗೆ ನ್ಯಾಯಾಲಯಗಳಲ್ಲಿ ವಾದ ನಡೆಯುತ್ತಲೇ ಬಂದಿದೆ. ಈ ನೇಮಕಾತಿ ಆಸ್ತಿಯಂತೆ ವಾರಸುದಾರರಿಗೆ ಬರುವ ಹಕ್ಕಲ್ಲ. ಆದಾಯ ನಿಂತ ಕುಟುಂಬಕ್ಕೆ ತಕ್ಷಣದ ಆಸರೆ ಎಂಬುದೇ ನ್ಯಾಯಾಲಯಗಳ ನಿಲುವು.

ಖಾಸಗಿ ವಲಯ: ಗ್ರಾಚ್ಯುಟಿಗೆ ಯಾರು ಹೊಣೆ?

ಖಾಸಗಿ ಸಂಸ್ಥೆಗಳ ಕಾರ್ಮಿಕರ ಭವಿಷ್ಯ ನಿಧಿ ಮತ್ತು ಅದರ ಪಿಂಚಣಿ ಕೇಂದ್ರದ ಅಧೀನದಲ್ಲಿರುವ ಭವಿಷ್ಯ ನಿಧಿ ಸಂಘಟನೆಗೆ ಸೇರಿದ್ದು. ರಾಜ್ಯದ ಕಾರ್ಮಿಕ ಇಲಾಖೆಗೆ ದೂರು ಕೊಟ್ಟು ಕಾಯುವುದರಿಂದ ಅಲ್ಲಿ ಪ್ರಯೋಜನವಿಲ್ಲ. ಇದಕ್ಕೆ ವಿರುದ್ಧವಾಗಿ, ರಾಜ್ಯದೊಳಗಿನ ಬಹುತೇಕ ಕಾರ್ಖಾನೆ, ಅಂಗಡಿ, ಖಾಸಗಿ ಶಾಲೆಗಳ ಗ್ರಾಚ್ಯುಟಿ ವ್ಯಾಜ್ಯ ಬರುವುದು ರಾಜ್ಯದ ಕಾರ್ಮಿಕ ಅಧಿಕಾರಿಗಳ ಮುಂದೆ.

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗೆ ಗ್ರಾಚ್ಯುಟಿ ಅನ್ವಯಿಸುತ್ತದೆ. ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸೇವಾ ವರ್ಷಗಳಿಂದ ಗುಣಿಸಿದರೆ ಮೊತ್ತ ಸಿಗುತ್ತದೆ. 26,000 ರೂ. ವೇತನದಲ್ಲಿ ಹತ್ತು ವರ್ಷ ದುಡಿದವನಿಗೆ 1,50,000 ರೂ. 2018ರ ಮಾರ್ಚ್‌ನಲ್ಲಿ ಗರಿಷ್ಠ ಮಿತಿಯನ್ನು 20 ಲಕ್ಷ ರೂ.ಗೆ ಏರಿಸಲಾಯಿತು. ಹಣ ಸಂದಾಯವಾಗಬೇಕಾದ ದಿನದಿಂದ 30 ದಿನಗಳೊಳಗೆ ಕೊಡದಿದ್ದರೆ ಮಾಲೀಕ ಬಡ್ಡಿ ತೆರಬೇಕು.

ಕಾನೂನು ಇದ್ದರೂ ಕಂಪನಿ ಮುಚ್ಚಿದಾಗ ಗತಿಯೇನು ಎಂಬುದು ಪೀಣ್ಯದ ಸಣ್ಣ ಘಟಕಗಳಿಂದ ಹಿಡಿದು ಸಿದ್ಧ ಉಡುಪು ಕಾರ್ಖಾನೆಗಳವರೆಗೆ ಕಾರ್ಮಿಕರು ಕೇಳುತ್ತ ಬಂದ ಪ್ರಶ್ನೆ. ಬೀಗ ಹಾಕಿದ ಗೇಟಿನ ಮುಂದೆ ನಿಂತವನಿಗೆ ಸೂತ್ರದಿಂದೇನು ಫಲ? ಇದಕ್ಕೆ ಉತ್ತರವೆಂಬಂತೆ ರಾಜ್ಯ ಸರಕಾರ ಕಡ್ಡಾಯ ಗ್ರಾಚ್ಯುಟಿ ವಿಮಾ ನಿಯಮಗಳನ್ನು ರೂಪಿಸಿ 2024ರ ಜನವರಿ 10ರಿಂದ ಜಾರಿಗೊಳಿಸಿತು. ಮಾಲೀಕರು ತಮ್ಮ ಹೊಣೆಗೆ ತಕ್ಕ ವಿಮೆಯನ್ನು ಜೀವ ವಿಮಾ ನಿಗಮ ಅಥವಾ ಇತರ ಅಧಿಕೃತ ವಿಮಾ ಕಂಪನಿಯಿಂದ ಪಡೆಯಬೇಕು. ಆಗ ಅಸ್ತಿತ್ವದಲ್ಲಿದ್ದ ಸಂಸ್ಥೆಗಳಿಗೆ 60 ದಿನ, ಹೊಸದಾಗಿ ಆರಂಭವಾಗುವವಕ್ಕೆ 30 ದಿನಗಳ ಗಡುವು ನೀಡಲಾಯಿತು. 500ಕ್ಕಿಂತ ಕಡಿಮೆಯಿಲ್ಲದ ನೌಕರರಿರುವ ಸಂಸ್ಥೆಗಳು ಮಾನ್ಯತೆ ಪಡೆದ ತಮ್ಮದೇ ಗ್ರಾಚ್ಯುಟಿ ನಿಧಿಯನ್ನು ಮುಂದುವರಿಸಬಹುದು. ಸಣ್ಣ ಉದ್ದಿಮೆದಾರರಿಗೆ ಇದು ಹೊಸ ಖರ್ಚು ಎಂಬುದು ದಿಟ. ಆದರೆ ಇದು ಎಂದಿದ್ದರೂ ಕೊಡಲೇಬೇಕಾದ ಹಣ. ವಿಮೆಯಿಂದ ಅದು ಮುಂಚಿತವಾಗಿ ಕಂತುಕಂತಾಗಿ ಹೋಗುತ್ತದೆ, ಅಷ್ಟೆ.

2025ರ ನವೆಂಬರ್ 21ರಂದು ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, 1972ರ ಗ್ರಾಚ್ಯುಟಿ ಕಾಯ್ದೆಯ ಸ್ಥಾನವನ್ನು ಅದು ಪಡೆಯಿತು. ಮುಖ್ಯ ಬದಲಾವಣೆ ಎರಡು. ನಿಗದಿತ ಅವಧಿಯ ಗುತ್ತಿಗೆಯ ಮೇಲೆ ನೇಮಕವಾದವರಿಗೆ ಐದು ವರ್ಷದ ಷರತ್ತಿಲ್ಲ, ಒಂದು ವರ್ಷ ದುಡಿದರೂ ಆ ಪ್ರಮಾಣದ ಗ್ರಾಚ್ಯುಟಿ ಸಲ್ಲಬೇಕು. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು. ಮೂಲ ವೇತನವನ್ನು ಕಿರಿದಾಗಿಸಿ ಭತ್ಯೆಗಳನ್ನು ಹಿಗ್ಗಿಸುವ ಹಳೆಯ ಚಾಳಿಗೆ ಇದರಿಂದ ಕಡಿವಾಣ ಬಿದ್ದಿದೆ.

ಕಾರ್ಮಿಕ ಕಲ್ಯಾಣ ಮಂಡಳಿಯ ವಂತಿಗೆಯನ್ನೂ ಮಾಲೀಕರು ಮರೆಯಬಾರದು. 1965ರ ಕಾಯ್ದೆಯಡಿ ವರ್ಷಕ್ಕೊಮ್ಮೆ ಸಂದಾಯವಾಗುವ ಈ ವಂತಿಗೆ ಇತ್ತೀಚಿನ ತಿದ್ದುಪಡಿಯಿಂದ ಕಾರ್ಮಿಕನಿಗೆ 50, ಮಾಲೀಕನಿಗೆ 100, ಸರಕಾರಕ್ಕೆ 50 ರೂ. ಆಗಿದೆ. ಕಾರ್ಮಿಕರ ಮಕ್ಕಳ ವಿದ್ಯಾರ್ಥಿ ವೇತನ, ವೈದ್ಯಕೀಯ ನೆರವು ಬರುವುದು ಈ ನಿಧಿಯಿಂದ.

ಮಾಲೀಕನೇ ಕಾಣದ ದುಡಿಮೆ

ಕಟ್ಟಡ ಕಾರ್ಮಿಕನಿಗೆ ಇಂದು ಒಬ್ಬ ಮೇಸ್ತ್ರಿ, ನಾಳೆ ಇನ್ನೊಬ್ಬ. ಅಂತಹವರಿಗೆ ಮಂಡಳಿಯ ನೋಂದಣಿಯೇ ಸೇವಾ ವಹಿ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ನೋಂದಣಿಗೆ ಅರ್ಹರು. ನಿರ್ಮಾಣ ವೆಚ್ಚದ ಮೇಲಿನ ಶೇ.1ರ ಸೆಸ್ ಈ ಮಂಡಳಿಯ ಆದಾಯ. ಅರವತ್ತು ದಾಟಿದ ಸದಸ್ಯರ ಪಿಂಚಣಿ ಸಹ ಅದರಿಂದಲೇ. ಕಟ್ಟಡ ಕೆಲಸ ಮಾಡದವರೂ ಕಾರ್ಡ್ ಮಾಡಿಸಿಕೊಂಡ ನಕಲಿ ನೋಂದಣಿಯ ಹಾವಳಿಯಿಂದ ತಪಾಸಣೆ ಬಿಗಿಯಾಗಿದೆ. ನವೀಕರಣ ತಪ್ಪಿಸಿಕೊಂಡ ನಿಜ ಕಾರ್ಮಿಕರೂ ಅದರಿಂದ ತೊಂದರೆಗೊಳಗಾಗುತ್ತಾರೆ.

ಮನೆಬಾಗಿಲಿಗೆ ಊಟ ತಲುಪಿಸುವವರು, ಆ್ಯಪ್ ಆಧಾರಿತ ಟ್ಯಾಕ್ಸಿ ಚಾಲಕರಿಗಾಗಿ ರಾಜ್ಯ 2025ರಲ್ಲಿ ಪ್ರತ್ಯೇಕ ಕಾಯ್ದೆ ತಂದಿತು. ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಬಳಿಕ ವಿಧಾನಮಂಡಲದ ಒಪ್ಪಿಗೆ ಪಡೆದ ಇದರಲ್ಲಿ, ಕಾರ್ಮಿಕನಿಗೆ ಸಂದಾಯವಾಗುವ ಮೊತ್ತದ ಶೇ.1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ವಸೂಲು ಮಾಡಲು ಅವಕಾಶವಿದೆ. ತನ್ನನ್ನು ಕೆಲಸದಿಂದ ಏಕೆ ತೆಗೆಯಲಾಯಿತೆಂದು ಕೇಳುವ ಹಕ್ಕೂ ಇದರಲ್ಲಿ ಸೇರಿದೆ.

ಉದ್ಯೋಗ ವಿನಿಮಯ ಕೇಂದ್ರದಿಂದ ಯುವನಿಧಿವರೆಗೆ

ಒಂದು ಕಾಲದಲ್ಲಿ ಎಸ್ಸೆಸ್ಸೆಲ್ಸಿ ಮುಗಿದೊಡನೆ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿ ಪತ್ರಕ್ಕಾಗಿ ಕಾಯುವುದು ಮನೆಮನೆಯ ರೂಢಿಯಾಗಿತ್ತು. ಸರಕಾರಿ ನೇಮಕಾತಿ ಈಗ ಲೋಕಸೇವಾ ಆಯೋಗ, ಪರೀಕ್ಷಾ ಪ್ರಾಧಿಕಾರಗಳ ಸ್ಪರ್ಧಾತ್ಮಕ ಪರೀಕ್ಷೆಗಳ ಮೂಲಕ ನಡೆಯುವುದರಿಂದ ಆ ಕಾರ್ಡಿನ ಮಹತ್ವ ಕುಗ್ಗಿದೆ. ಜಿಲ್ಲಾ ಕೇಂದ್ರಗಳು ಉದ್ಯೋಗ ಮೇಳ, ಕೌಶಲ ತರಬೇತಿಯ ಮಾಹಿತಿಯತ್ತ ಹೊರಳಿವೆ. ಕೌಶಲ್ಯಾಭಿವೃದ್ಧಿ ಇಲಾಖೆಯ ಸ್ಕಿಲ್ ಕನೆಕ್ಟ್ ತಾಣದಲ್ಲಿ ಅಭ್ಯರ್ಥಿಗಳೂ ಉದ್ಯೋಗದಾತರೂ ನೋಂದಾಯಿಸಿಕೊಳ್ಳಬಹುದು. 1959ರ ಕಾಯ್ದೆಯಲ್ಲಿ 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಕೇಂದ್ರಕ್ಕೆ ತಿಳಿಸಬೇಕಿತ್ತು. ಹೊಸ ಸಂಹಿತೆಯಲ್ಲಿ ಆ ಮಿತಿ 20ಕ್ಕೆ ಇಳಿದಿದೆ. ತಿಳಿಸಬೇಕೆಂದಷ್ಟೇ ನಿಯಮ, ಅಲ್ಲಿಂದ ಬಂದವರನ್ನೇ ನೇಮಿಸಬೇಕೆಂದಿಲ್ಲ.

ಯುವನಿಧಿ ಯೋಜನೆಯ ನೋಂದಣಿ ಆರಂಭವಾದದ್ದು 2023ರ ಡಿಸೆಂಬರ್ 26ರಂದು. ಉತ್ತೀರ್ಣರಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾ ಪಡೆದವರಿಗೆ 1,500 ರೂ.ನಂತೆ ಗರಿಷ್ಠ ಎರಡು ವರ್ಷ ಕೊಡುವ ಯೋಜನೆಯಿದು. ಉನ್ನತ ವ್ಯಾಸಂಗಕ್ಕೆ ಸೇರಿದವರು, ಸ್ವಯಂ ಉದ್ಯೋಗಿಗಳು ಇದಕ್ಕೆ ಅರ್ಹರಲ್ಲ. ಸೇವಾಸಿಂಧು ತಾಣದಲ್ಲಿ ಅರ್ಜಿ ಸಲ್ಲಿಸಿದರೆ ಕೆಲಸ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ತಾನಿನ್ನೂ ನಿರುದ್ಯೋಗಿ ಎಂಬ ಸ್ವಯಂ ಘೋಷಣೆಯನ್ನೂ ಆಗಾಗ ಸಲ್ಲಿಸುತ್ತಿರಬೇಕು. ಅದು ತಪ್ಪಿದರೆ ಹಣ ಜಮೆಯಾಗುವುದು ನಿಲ್ಲುತ್ತದೆ. ಕೆಲಸ ಸಿಕ್ಕ ಮೇಲೂ ಸುಳ್ಳು ಘೋಷಣೆ ನೀಡಿ ಹಣ ಪಡೆದರೆ ದಂಡಕ್ಕೆ ಗುರಿಯಾಗಬೇಕಾಗುತ್ತದೆ.